ಎಡಗೈಗೆ ಬಾರದ ಚೆಂಡು

"ಗ್ಯಾಪ್‌ಗೆ ಬರುವಾಗ ನಿಧಾನ."

ಒಂದು ಟೀಮಿನವರು ನಮ್ಮ ಹುಡುಗನ ಬಗ್ಗೆ ಹೀಗೆ ಹೇಳಿದ್ದರೆ ಹಾಳಾಗಿ ಹೋಗಲಿ ಅಂತ ಬಿಡಬಹುದಿತ್ತು. ಆ ವಾರ ನಮ್ಮ ಏಜೆಂಟ್ ಯಾರಿಗೆ ಫೋನ್ ಮಾಡಿದರೂ ಅದೇ ರಾಗ. ಅದರ ಹಿಂದೆಯೇ ಇನ್ನೊಂದು ಮಾತು: "ಆ ಇನ್ನೊಬ್ಬ ಇದ್ದಾನಲ್ಲ, ಅವನ ಪಕ್ಕದಲ್ಲಿ ಇಟ್ಟು ನೋಡಿ, ನಿಮಗೇ ಗೊತ್ತಾಗುತ್ತೆ."

ಪಕ್ಕದಲ್ಲಿ ಇಟ್ಟು ನೋಡುವುದೇ ನನ್ನ ಹೊಟ್ಟೆಪಾಡು. ಸಿಯಾಟಲ್‌ನ ಹೊರವಲಯದ ಕ್ಯಾನ್ಯನ್ ಪಾರ್ಕ್‌ನಲ್ಲಿ, ಎರಡು ಬಯೋಟೆಕ್ ಆಫೀಸುಗಳ ನಡುವೆ ಸಿಕ್ಕಿಕೊಂಡ ಒಂದು ರೂಮು. ಅಲ್ಲಿ ಏಜೆಂಟ್ ಮತ್ತು ನಾನು, ಇಬ್ಬರೇ. ಅಮೆರಿಕದ ಫುಟ್‌ಬಾಲ್ ನಮ್ಮೂರಿನ ಫುಟ್‌ಬಾಲ್ ಅಲ್ಲ. ಚೆಂಡನ್ನು ಅವುಚಿಕೊಂಡು ಓಡುವವನನ್ನು ಎದುರಿನವರು ಡಿಕ್ಕಿ ಹೊಡೆದು ಕೆಡವುವ ಆಟ. ಹಾಗೆ ಓಡುವ ಹುಡುಗನಿಗೆ ರನ್ನಿಂಗ್ ಬ್ಯಾಕ್ ಅಂತಾರೆ. ಕಾಲೇಜಿನಲ್ಲಿ ಆಡಿ ಮುಗಿಸಿದವರನ್ನು ವರ್ಷಕ್ಕೊಮ್ಮೆ ವೃತ್ತಿಪರ ಟೀಮುಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್. ಅವತ್ತು ಹೆಸರು ಕರೆದರೆ ಬದುಕು ದಡ ಸೇರಿತು. ಕರೆಯದಿದ್ದರೆ ಬಹುಪಾಲು ಹುಡುಗರ ಆಟ ಅಲ್ಲಿಗೆ ಮುಗಿದ ಹಾಗೆ. ಹುಡುಗರ ಪರವಾಗಿ ಟೀಮುಗಳ ಜೊತೆ ಮಾತಾಡುವವನು ಏಜೆಂಟ್. ಅವನ ಮಾತಿಗೆ ಬೇಕಾದ ವಿಡಿಯೋ ಕತ್ತರಿಸಿ, ಅಳೆದು, ಜೋಡಿಸಿ ಕೊಡುವವಳು ನಾನು.

ಆ ವರ್ಷ ನಮ್ಮ ಕೈಯಲ್ಲಿದ್ದವನು ಒಬ್ಬನೇ ಹುಡುಗ, ಸಿಯಾಟಲ್‌ನ ಆಚೆ ಬದಿಯ ಕೆಂಟ್ ಊರಿನವನು. ಸಮೋವಾ ದ್ವೀಪದ ಕಡೆಯ ಕುಟುಂಬ. ತಾಯಿ ಅಲ್ಲೇ ಒಂದು ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಮೊದಲ ಸಲ ಆಫೀಸಿಗೆ ಬಂದಾಗ ಶಿಫ್ಟ್ ಮುಗಿಸಿ, ಮಿಂಚುವ ಪಟ್ಟಿಯ ಕಿತ್ತಳೆ ಜಾಕೆಟ್‌ನಲ್ಲೇ ಬಂದಿದ್ದರು. ಕೈಯಲ್ಲಿ ತೆಂಗಿನ ಹಾಲು ಹಾಕಿ ಬೇಯಿಸಿದ ಬನ್ನುಗಳ ಟ್ರೇ. ತೆಂಗಿನ ಹಾಲು ಅಂದ ಮೇಲೆ ಕೇಳಬೇಕೆ, ನನಗೆ ಅಲ್ಲೇ ಅವರ ಮೇಲೆ ಪ್ರೀತಿ ಬಂದುಬಿಟ್ಟಿತು. ಏಜೆಂಟ್ ಏನೇನೋ ಅಂಕಿ ಹೇಳುತ್ತಿದ್ದ. ಅವರು ಅವನ ಮಾತನ್ನು ಅರ್ಧಕ್ಕೇ ತಡೆದು ನನ್ನ ಕಡೆ ತಿರುಗಿದರು.

"ನೀನು ಹೇಳಮ್ಮ. ಇವನ ಆಟ ಪೂರ್ತಿ ನೋಡಿರೋಳು ನೀನು. ಇವನನ್ನ ತಗೋತಾರಾ?"

"ತಗೋಬೇಕು," ಅಂದೆ.

"ತಗೋಬೇಕು ಅಂತ ನನಗೂ ಗೊತ್ತು. ತಗೋತಾರಾ ಅಂತ ಕೇಳಿದ್ದು."

ಹುಡುಗ ನಾಚಿಕೊಂಡು, "ಅಮ್ಮಾ, ಸಾಕು ಬಿಡು," ಅನ್ನುತ್ತಾ ಫೋನನ್ನು ಮೇಜಿನ ಮೇಲಿಡಲು ಹೋದ. ಎಡಗೈಯಲ್ಲಿದ್ದ ಫೋನು ಜಾರಿ ನೆಲಕ್ಕೆ ಬಿತ್ತು. "ಇವನಿಗೆ ಚೆಂಡು ಕೊಡಿ, ಫೋನ್ ಮಾತ್ರ ಕೊಡಬೇಡಿ," ಅಂತ ಏಜೆಂಟ್ ಗೇಲಿ ಮಾಡಿದ. ನಾವೆಲ್ಲ ನಕ್ಕೆವು. ಹುಡುಗನೂ ನಕ್ಕ.

ಡ್ರಾಫ್ಟ್ ಹತ್ತಿರ ಬರುತ್ತಿತ್ತು. "ಏನಾದರೂ ಹುಡುಕು," ಅಂದ ಏಜೆಂಟ್. "ಇವನು ನಿಧಾನ ಅಲ್ಲ ಅನ್ನೋದಕ್ಕೆ ಏನಾದರೂ ಒಂದು." ಸುಲಭವಾಗಿ ಹೇಳಿಬಿಟ್ಟ ಪುಣ್ಯಾತ್ಮ.

ಕೆಲಸ ಹೀಗೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಕೊಡುತ್ತಾನೆ. ಮುಂದೆ ಎರಡೂ ಕಡೆಯ ದೈತ್ಯರು ಒಬ್ಬರನ್ನೊಬ್ಬರು ತಳ್ಳುತ್ತಿರುತ್ತಾರೆ. ಅವರ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಸಂದು ತೆರೆಯುತ್ತದೆ. ಅದೇ ಗ್ಯಾಪ್. ಚೆಂಡು ಹೊಟ್ಟೆ ಮುಟ್ಟಿದ ಫ್ರೇಮಿನಿಂದ ಹುಡುಗ ಆ ಗ್ಯಾಪ್ ದಾಟುವ ಫ್ರೇಮಿನವರೆಗೆ ಎಣಿಸಬೇಕು. ನಮ್ಮ ಹುಡುಗ, ಟೀಮುಗಳು ಹೋಲಿಸುತ್ತಿದ್ದ ಬೇರೆ ಕಾಲೇಜಿನ ಆ ಇನ್ನೊಬ್ಬ ರನ್ನಿಂಗ್ ಬ್ಯಾಕ್, ಇಬ್ಬರೂ ಆಡಿದ ಎಲ್ಲ ಪಂದ್ಯಗಳ ಎಲ್ಲ ಓಟಕ್ಕೂ ಹೀಗೇ ಎಣಿಸಿದೆ. ಕಣ್ಣು ಕೆಂಪಾಯಿತು, ಬೆನ್ನು ಹಿಡಿದುಕೊಂಡಿತು. ಪ್ರತಿ ಸಲವೂ ಆ ಇನ್ನೊಬ್ಬನೇ ಮುಂದೆ. ಒಣ ಮೈದಾನ, ಒದ್ದೆ ಮೈದಾನ, ಆಟದ ಶುರು, ಆಟದ ಕೊನೆ, ಹೇಗೆ ಬೇರೆ ಮಾಡಿ ನೋಡಿದರೂ ಅವನೇ. ಏಜೆಂಟ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು "ಏನಾದರೂ?" ಅನ್ನುವುದು, ನಾನು ತಲೆ ಆಡಿಸುವುದು. ಒಂದು ದಿನ ತಾಳ್ಮೆ ಕೆಟ್ಟು, "ಸಿಕ್ಕಿದ್ರೆ ನಾನೇ ಬಡ್ಕೋತೀನಿ, ಹೋಗಪ್ಪಾ ಅತ್ಲಾಗೆ," ಅಂತ ಕನ್ನಡದಲ್ಲೇ ಬೈದುಬಿಟ್ಟೆ. ಭಾಷೆ ಗೊತ್ತಾಗದಿದ್ದರೂ ವಿಷಯ ಗೊತ್ತಾಯಿತು. ಹೋಗಿ ಕಾಫಿ ತಂದುಕೊಟ್ಟ.

ಇದು ಅವನಿಗೂ ಜೀವನ್ಮರಣದ ಪ್ರಶ್ನೆ. ಒಬ್ಬನನ್ನೂ ಡ್ರಾಫ್ಟ್‌ಗೆ ಮುಟ್ಟಿಸಲಾಗದ ಏಜೆಂಟನ ಬಾಗಿಲಿಗೆ ಮುಂದಿನ ವರ್ಷ ಯಾವ ಹುಡುಗ ಬರುತ್ತಾನೆ? ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ತಾಯಿ. ತಗೋತಾರಾ ಅಂತ ಕೇಳಿದ್ದು.

ಶನಿವಾರ ಲ್ಯಾಪ್‌ಟಾಪನ್ನು ಊಟದ ಮೇಜಿಗೇ ತಂದಿಟ್ಟುಕೊಂಡಿದ್ದೆ. ನನ್ನ ಗಂಡ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಎಂಜಿನಿಯರ್. ಫುಟ್‌ಬಾಲ್ ಅಂದರೆ ಅವರಿಗೆ ಅಲರ್ಜಿ. ಮೈಸೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡಿದ್ದನ್ನು ಇನ್ನೂ ಹೇಳಿಕೊಂಡು ತಿರುಗುವ ಆಸಾಮಿ.

"ಏನೇ, ಊಟ ಮಾಡ್ತೀಯೋ, ಇಲ್ಲಾ ಸ್ಕ್ರೀನನ್ನೇ ತಿಂತೀಯೋ?"

"ಸುಮ್ನಿರ್ರೀ ಸ್ವಲ್ಪ. ಇವನು ಸ್ಲೋ ಅಂತ ಈಗ ನನಗೇ ಅನ್ನಿಸೋಕೆ ಶುರುವಾಗಿದೆ."

ತಟ್ಟೆ ಹಿಡಿದುಕೊಂಡೇ ನನ್ನ ಹಿಂದೆ ನಿಂತು ನೋಡಿದರು. ಒಂದು ಓಟ, ಇನ್ನೊಂದು ಓಟ.

"ಆ ಪುಣ್ಯಾತ್ಮ ಫಾಸ್ಟ್ ಬೌಲರ್ ಥರ ರನ್-ಅಪ್ ತಗೊಂಡು ಬರ್ತಿದಾನೆ. ನಿನ್ನ ಹುಡುಗ ನಿಂತಲ್ಲಿಂದ ಎದ್ದು ಓಡ್ತಿದಾನೆ. ಇಬ್ಬರಿಗೂ ಒಂದೇ ಗಡಿಯಾರ ಹಿಡಿದ್ರೆ ಹೆಂಗೆ?"

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಇನ್ನೊಬ್ಬನ ಕಾಲೇಜಿನಲ್ಲಿ ರನ್ನಿಂಗ್ ಬ್ಯಾಕ್ ತುಂಬ ಹಿಂದೆ ನಿಲ್ಲುತ್ತಾನೆ. ಚೆಂಡು ಹೊಟ್ಟೆ ಮುಟ್ಟುವ ಹೊತ್ತಿಗೆ ಆಗಲೇ ನಾಗಾಲೋಟದಲ್ಲಿ ಇರುತ್ತಾನೆ. ನಮ್ಮ ಹುಡುಗ ಕ್ವಾರ್ಟರ್‌ಬ್ಯಾಕ್‌ನ ಪಕ್ಕದಲ್ಲೇ ನಿಂತು, ನಿಂತಲ್ಲೇ ಚೆಂಡು ತಗೊಂಡು, ಆಮೇಲೆ ಓಡಲು ಶುರು ಮಾಡುತ್ತಾನೆ. ಇಬ್ಬರೂ ನಿಲ್ಲುವ ಜಾಗ ಬೇರೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮ ಕಸುಬಿನಲ್ಲಿ ಎಲ್ಲರೂ ಚೆಂಡು ಮುಟ್ಟಿದ ಫ್ರೇಮಿನಿಂದಲೇ ಎಣಿಸುತ್ತಾರೆ, ನಾನೂ ಕಣ್ಣು ಮುಚ್ಚಿಕೊಂಡು ಹಾಗೇ ಎಣಿಸಿದ್ದೆ.

ಆ ಇನ್ನೊಬ್ಬನೂ ಅಪರೂಪಕ್ಕೆ ಪಕ್ಕದಲ್ಲಿ ನಿಂತು ಚೆಂಡು ತಗೊಂಡದ್ದಿತ್ತು. ಅಂಥವನ್ನು ಮಾತ್ರ ಹೆಕ್ಕಿ ತೆಗೆದೆ. ಒಂದೊಂದಕ್ಕೂ ನಮ್ಮ ಹುಡುಗನ ಒಂದು ಓಟವನ್ನು ಜೋಡಿ ಮಾಡಿ, ಎಡಕ್ಕೊಬ್ಬ ಬಲಕ್ಕೊಬ್ಬ ಅಂತ ಇಟ್ಟು, ಒಟ್ಟಿಗೆ ಬಿಟ್ಟೆ. ಮೊದಲ ಜೋಡಿಯಲ್ಲಿ ನಮ್ಮವನು ಮುಂದೆ. ಎರಡನೆಯದರಲ್ಲೂ ಅವನೇ. ಒಂದನ್ನು ಬಿಟ್ಟು ಎಲ್ಲ ಜೋಡಿಯಲ್ಲೂ ಗ್ಯಾಪ್ ಮೊದಲು ದಾಟಿದವನು ನಮ್ಮ ಹುಡುಗ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. "ನಾಳೆಯಿಂದ ನಿಮ್ಮ ಟೀಮಿಗೆ ನಾನೇ ಕೋಚ್," ಅಂತ ಗಂಡ ಮೀಸೆ ತಿರುವಿದರು. ಇಲ್ಲದ ಮೀಸೆ.

ಸೋಮವಾರ ಅದನ್ನು ನೋಡಿ ಏಜೆಂಟ್ ನನ್ನ ಮೇಜನ್ನು ಗುದ್ದಿದ ಗುದ್ದಿಗೆ ಕಾಫಿ ಚೆಲ್ಲಿತು. ಆ ಕ್ಷಣವೇ ಒಂದು ಟೀಮಿಗೆ ಹುಡುಗರನ್ನು ಹುಡುಕಿಕೊಡುವ ಹಿರಿಯ ಸ್ಕೌಟ್‌ಗೆ ಕಳಿಸಿದ. ಎಲ್ಲರಿಗಿಂತ ಮೊದಲು ನಮ್ಮ ಹುಡುಗನನ್ನು ನಿಧಾನ ಅಂದಿದ್ದವನು ಅವನೇ. ಸಂಜೆಯೊಳಗೆ ಫೋನ್ ಬಂತು.

"ಇದನ್ನ ನಾನು ಗಮನಿಸಿರಲಿಲ್ಲ. ಮೈದಾನದ ಅಂಚಿನ ಕಡೆಗೆ ಓಡಿದ್ದನ್ನೂ ಹೀಗೇ ಜೋಡಿಸಿ ಕಳಿಸಿ. ಎಡಕ್ಕೆ ಓಡಿದ್ದು ಬೇರೆ, ಬಲಕ್ಕೆ ಓಡಿದ್ದು ಬೇರೆ. ಅದೂ ಹೀಗೇ ಇದ್ದರೆ ಅವನ ಹೆಸರನ್ನ ನಾನೇ ಮೀಟಿಂಗಿನಲ್ಲಿ ಎತ್ತುತ್ತೇನೆ."

ಎಡ, ಬಲ. ಅಲ್ಲಿಗೆ ನಮ್ಮ ಸಂತೋಷ ಮುಗಿಯಿತು.

ರನ್ನಿಂಗ್ ಬ್ಯಾಕ್‌ಗಳಿಗೆ ಅಕ್ಷರಾಭ್ಯಾಸದಂತೆ ಮೊದಲು ಕಲಿಸುವ ಪಾಠ ಒಂದಿದೆ. ಚೆಂಡು ಯಾವಾಗಲೂ ಹೊರಗಿನ ಕೈಯಲ್ಲಿರಬೇಕು. ಎಡ ಅಂಚಿಗೆ ಓಡುವಾಗ ಎಡಗೈಯಲ್ಲಿ, ಬಲಕ್ಕೆ ಓಡುವಾಗ ಬಲಗೈಯಲ್ಲಿ. ಆಗ ಕಿತ್ತುಕೊಳ್ಳಲು ಬರುವವರಿಂದ ಚೆಂಡು ದೂರ ಇರುತ್ತದೆ, ಒಳಗಿನ ಕೈ ಅವರನ್ನು ತಳ್ಳಲು ಬಿಡುವಾಗಿರುತ್ತದೆ. ಎಡಕ್ಕೆ ಓಡಿದ ಜೋಡಿಗಳನ್ನು ಮಾಡುತ್ತಾ ಕೂತಿದ್ದೆ. ಸೀಸನ್ನಿನ ಶುರುವಿನಲ್ಲಿ ನಮ್ಮ ಹುಡುಗನ ಚೆಂಡು ಎಡಗೈಯಲ್ಲೇ ಇತ್ತು. ಕೊನೆಕೊನೆಯ ಪಂದ್ಯಗಳಲ್ಲಿ ಎಡಕ್ಕೆ ಓಡುವಾಗಲೂ ಚೆಂಡು ಬಲಗೈಯಲ್ಲಿ. ಒಂದು ಸಲ ಮರೆತ ಅಂದುಕೊಂಡೆ. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ.

ಎಲ್ಲಿಂದ ಹೀಗಾಯಿತು ಅಂತ ಹಿಂದೆ ಹಿಂದೆ ಹೋದೆ. ಮಳೆಯಲ್ಲಿ ನಡೆದ ಒಂದು ಪಂದ್ಯ. ಇಬ್ಬರು ಒಟ್ಟಿಗೆ ಬಂದು ಗುದ್ದಿದರು. ಇವನ ತಲೆ ಬಲಕ್ಕೆ ವಾಲಿತು, ಎಡ ಭುಜ ಕೆಳಕ್ಕೆ ಕುಸಿಯಿತು. ಎದ್ದು ನಿಂತಾಗ ಎಡಗೈ ಒಗೆದು ನೇತುಹಾಕಿದ ಅಂಗಿಯ ತೋಳಿನ ಹಾಗೆ ಜೋತುಬಿದ್ದಿತ್ತು. ಅದನ್ನು ಒದರಿಕೊಂಡ. ಡಾಕ್ಟರ್ ಇರುವ ಕಡೆ ಒಂದು ಸಲ ನೋಡಿ, ಮುಖ ತಿರುಗಿಸಿ, ಆಟದ ಸಾಲಿಗೆ ಹೋಗಿ ನಿಂತ. ಆಮೇಲೆ ಎಡಗೈಗೆ ಚೆಂಡೇ ಬರಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುವುದು ಬಲಗೈಯಲ್ಲಿ. ಎದುರಾಳಿಗೆ ಅಡ್ಡ ನಿಲ್ಲುವಾಗ ಕೊಡುವುದು ಬಲ ಭುಜ. ಇಷ್ಟನ್ನೂ ಆಗಲೇ ಎಷ್ಟೋ ಸಲ ನೋಡಿದ್ದೆ. ಕಾಲು ಎಣಿಸುತ್ತಾ ಕೂತವಳು ಕೈ ನೋಡಿರಲಿಲ್ಲ.

ಆಗ ಆಫೀಸಿನಲ್ಲಿ ಅವನ ಎಡಗೈಯಿಂದ ಜಾರಿದ ಆ ಫೋನು ನೆನಪಾಯಿತು. ನಾವು ನಕ್ಕಿದ್ದೂ ನೆನಪಾಯಿತು.

ಸಂಜೆ ಗಂಡನಿಗೆ ತೋರಿಸಿದೆ. ಈ ಸಲ ತಮಾಷೆ ಮಾಡಲಿಲ್ಲ.

"ಇದು ಕೈಯಿಂದ ಬರ್ತಿಲ್ಲ ಕಣೇ. ಕತ್ತಿನ ನರ. ಇನ್ನೊಂದು ಪೆಟ್ಟು ಬಿದ್ರೆ?"

"ಅದನ್ನೇ ಯೋಚಿಸ್ತಾ ಇದೀನಿ."

"ನಮ್ಮಲ್ಲಿ ರೆಕ್ಕೆ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡ್ರೂ ಕೆಂಪು ಟ್ಯಾಗ್ ಹಾಕಿ ನಿಲ್ಲಿಸ್ತೀವಿ. ನಿಮ್ಮಲ್ಲಿ ಯಾರು ನಿಲ್ಲಿಸ್ತಾರೆ?"

ಮರುದಿನ ಬೆಳಿಗ್ಗೆ ಏಜೆಂಟ್‌ಗೆ ತೋರಿಸಿದೆ. ತಾನೂ ಒಂದು ಕಾಲದಲ್ಲಿ ಆಡಿದವನು, ನನಗಿಂತ ಬೇಗ ಅವನಿಗೆ ಅರ್ಥವಾಗಿತ್ತು.

"ನೀನು ವಿಡಿಯೋ ನೋಡೋಳು. ಡಾಕ್ಟರ್ ಅಲ್ಲ."

"ಅದಕ್ಕೇ ಡಾಕ್ಟರಿಗೆ ತೋರಿಸೋಣ ಅಂತಿರೋದು."

"ಯಾವುದಾದರೂ ಟೀಮು ತಗೊಂಡ ಮೇಲೆ ಅವರ ಡಾಕ್ಟರೇ ನೋಡ್ತಾರೆ."

"ಅಷ್ಟರೊಳಗೆ ಅವನು ಪ್ರಾಕ್ಟೀಸಿನಲ್ಲಿ ಒಂದು ಪೆಟ್ಟು ತಿಂದರೆ?"

"ನಾನೂ ತಿಂದಿದೀನಿ. ಎಲ್ಲರೂ ತಿಂತಾರೆ!" ಅಂತ ಕೂಗಿದ. ಆಮೇಲೆ ಧ್ವನಿ ಇಳಿಸಿ, ಬೇಡಿಕೊಳ್ಳುವವನ ಹಾಗೆ ಅಂದ, "ಎಡಕ್ಕೆ ಓಡಿದ್ದರಲ್ಲಿ ಮೊದಮೊದಲಿನ ಪಂದ್ಯಗಳದ್ದು ಮಾತ್ರ ಹಾಕು. ಸುಳ್ಳೇನಲ್ಲವಲ್ಲ. ಅವನು ಓಡಿದ್ದೇ ತಾನೇ? ಸಂಜೆಯೊಳಗೆ ಕಳಿಸಬೇಕು. ಅವನ ತಾಯಿಯನ್ನ ನೆನಪಿಸಿಕೋ."

ಅವರನ್ನು ನೆನಪಿಸಿಕೊಂಡೇ ಕತ್ತರಿಸಿದೆ. ಮಳೆಯ ಪಂದ್ಯದ ಆಚೆಯದ್ದನ್ನೆಲ್ಲ ತೆಗೆದೆ. ಉಳಿದದ್ದು ಎಷ್ಟು ಚೆನ್ನಾಗಿ ಬಂತು ಅಂದರೆ, ನೋಡಿದ ಯಾವ ಸ್ಕೌಟ್‌ಗೂ ಅವನೇ ಬೇಕು ಅನ್ನಿಸುವ ಹಾಗಿತ್ತು. ಇಮೇಲ್ ಬರೆದೆ, ವಿಡಿಯೋ ಸೇರಿಸಿದೆ. ಒತ್ತಲು ಬೆರಳು ಏಳಲಿಲ್ಲ. ಇವನ ಆಟ ಪೂರ್ತಿ ನೋಡಿರೋಳು ನೀನು ಅಂದಿದ್ದರಲ್ಲ ಆ ಹೆಂಗಸು. ಲ್ಯಾಪ್‌ಟಾಪ್ ಮುಚ್ಚಿ, ಏಜೆಂಟ್‌ಗೆ ಒಂದು ಮಾತೂ ಹೇಳದೆ ಕಾರಿನ ಕೀ ತಗೊಂಡು ಕೆಂಟ್‌ಗೆ ಹೊರಟೆ.

405 ಹೆದ್ದಾರಿಯಲ್ಲಿ ರೆಂಟನ್ ಹತ್ತಿರ ಎಂದಿನಂತೆ ಟ್ರಾಫಿಕ್ ನಿಂತಿತ್ತು. ಏಜೆಂಟ್ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ನಾನು ಎತ್ತಲಿಲ್ಲ. ವಾಪಸ್ ಹೋಗಿಬಿಡೋಣ ಅಂತ ಎಷ್ಟು ಸಲ ಅನ್ನಿಸಿತೋ ಲೆಕ್ಕವಿಲ್ಲ. ಆ ಹುಡುಗನಿಗೆ ಬೇರೇನು ಬರುತ್ತದೆ? ಚಿಕ್ಕಂದಿನಿಂದ ಮಾಡಿದ್ದು ಇದೊಂದೇ. ಅದನ್ನು ಕಿತ್ತುಕೊಳ್ಳಲು ನಾನು ಯಾರು ಅಂತ ಜೋರಾಗಿಯೇ ಕೇಳಿಕೊಂಡೆ, ಕಾರಿನಲ್ಲಿ ಒಬ್ಬಳೇ.

ಹುಡುಗನೇ ಬಾಗಿಲು ತೆಗೆದ. ತಾಯಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಡಿಗೆಮನೆಯ ಮೇಜಿನ ಮೇಲೆ ವಿಡಿಯೋ ಹಾಕಿದೆ. ಮೊದಲು ಶುರುವಿನ ಪಂದ್ಯಗಳು, ಆಮೇಲೆ ಮಳೆಯದ್ದು, ಆಮೇಲೆ ಉಳಿದದ್ದು.

"ಬಲಗೈ ನನಗೆ ಕಂಫರ್ಟೆಬಲ್, ಮ್ಯಾಮ್. ಅಷ್ಟೇ."

"ಎಡಗೈ ಜೋಮು ಹಿಡಿಯುತ್ತಾ?"

"ಇಲ್ಲ."

"ಮಗಾ."

ಆ ಪದ ಹೇಗೆ ಬಾಯಿಗೆ ಬಂತೋ, ಕನ್ನಡದಲ್ಲೇ ಬಂತು. ಅವನು ತಲೆ ತಗ್ಗಿಸಿದ.

"ಕತ್ತಿನಿಂದ ಬೆರಳಿನ ತುದಿವರೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ಆಮೇಲೆ ಕೈ ಇದೆಯೋ ಇಲ್ಲವೋ ಗೊತ್ತಾಗಲ್ಲ. ಮೊದಲು ಬೇಗ ಸರಿ ಹೋಗ್ತಿತ್ತು." ನನ್ನ ಕೈ ಹಿಡಿದುಕೊಂಡ. "ಪ್ಲೀಸ್ ಮ್ಯಾಮ್. ಡ್ರಾಫ್ಟ್ ಮುಗಿಯೋವರೆಗೆ ಮಾತ್ರ. ಒಂದು ಸಲ ನನ್ನ ಹೆಸರು ಕರೆದುಬಿಡಲಿ. ಆಮೇಲೆ ನಾನೇ ಹೇಳ್ತೀನಿ, ಆಣೆ ಮಾಡಿ ಹೇಳ್ತೀನಿ. ಅಮ್ಮನಿಗೆ ಮಾತ್ರ ಹೇಳಬೇಡಿ."

ನನಗೆ ಅಳು ಬಂತು. ಆಗಲೇ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಅದೇ ಕಿತ್ತಳೆ ಜಾಕೆಟ್. ನನ್ನನ್ನು ಕಂಡು ಅವರ ಮುಖ ಅರಳಿತು. ಒಳ್ಳೆಯ ಸುದ್ದಿ ತಂದಿದ್ದೇನೆ ಅಂದುಕೊಂಡರು. ಆಮೇಲೆ ಮಗನನ್ನು ನೋಡಿದರು, ಸ್ಕ್ರೀನ್ ನೋಡಿದರು. ಸ್ಕ್ರೀನಿನಲ್ಲಿ ಅವನು ಮಳೆಯಲ್ಲಿ ನಿಂತು ಕೈ ಒದರಿಕೊಳ್ಳುತ್ತಿದ್ದ.

"ಇದು ನೀನೇ ಹೇಳಬೇಕಾದ್ದು," ಅಂತ ಹುಡುಗನಿಗೆ ಅಂದೆ. "ನೀನು ಹೇಳದಿದ್ದರೆ ನಾನು ಹೇಳ್ತೀನಿ. ಈ ವಿಡಿಯೋ ಮಾತ್ರ ನಾನು ಕಳಿಸಲ್ಲ."

ತಾಯಿ ಬ್ಯಾಗನ್ನು ನೆಲಕ್ಕೆ ಇಳಿಸಿ, ಅವನ ಎದುರು ಕೂತು, ಎರಡೂ ಕೈಯ ಎರಡೆರಡು ಬೆರಳು ಮುಂದೆ ಚಾಚಿದರು.

"ಹಿಂಡು."

ಬಲಗೈಯಲ್ಲಿ ಹಿಂಡಿದ. ಅವರ ಬೆರಳ ತುದಿ ಬೆಳ್ಳಗಾಯಿತು.

"ಆ ಕೈ."

ಹಿಂಡಿದ. ಹಲ್ಲು ಕಚ್ಚಿದ್ದ, ಕುತ್ತಿಗೆಯ ನರ ಉಬ್ಬಿತ್ತು. ಪೂರ್ತಿ ಬಲ ಹಾಕುತ್ತಿದ್ದಾನೆ ಅಂತ ನೋಡಿದರೇ ಗೊತ್ತಾಗುತ್ತಿತ್ತು.

"ಹಿಂಡು ಅಂದೆ," ಅಂದರು ತಾಯಿ.

"ಹಿಂಡ್ತಾ ಇದೀನಿ, ಅಮ್ಮಾ."

ಅವರು ಆ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಜಾಕೆಟ್ಟಿನ ಎದೆಗೆ ಒತ್ತಿಕೊಂಡರು. ಆ ಮನೆಯಲ್ಲಿ ಆಮೇಲೆ ಎದ್ದ ಅಳುವನ್ನು ನಾನು ಬರೆಯಲಾರೆ. ಕಾರಿಗೆ ಬಂದು ಏಜೆಂಟ್‌ಗೆ ಫೋನ್ ಮಾಡಿದೆ. ಬೈಯುತ್ತಾನೆ, ಕೆಲಸ ಹೋಯಿತು ಅಂತಲೇ ಅಂದುಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು, "ನನಗೆ ಗೊತ್ತಿರೋ ಸ್ಪೆಷಲಿಸ್ಟ್ ಒಬ್ಬರಿದಾರೆ. ಬೆಳಿಗ್ಗೆ ನಾನೇ ಕರಕೊಂಡು ಹೋಗ್ತೀನಿ," ಅಂದ. ಹೋದ ಕೂಡ.

ಸ್ಕ್ಯಾನ್‌ನಲ್ಲಿ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಕತ್ತಿನಲ್ಲಿ ಬೆನ್ನುಹುರಿ ಹಾದುಹೋಗುವ ದಾರಿ ಅವನಿಗೆ ಹುಟ್ಟಿನಿಂದಲೇ ಕಿರಿದು. ಪೆಟ್ಟುಗಳಿಂದ ಅದು ಇನ್ನಷ್ಟು ಒತ್ತಿಕೊಂಡಿತ್ತು. ಇನ್ನೊಂದು ಜೋರಾದ ಡಿಕ್ಕಿಗೆ ಕತ್ತಿನ ಕೆಳಗೆ ಮೈಯೆಲ್ಲ ಸ್ವಾಧೀನ ತಪ್ಪಬಹುದಿತ್ತು. ಫುಟ್‌ಬಾಲ್ ಇನ್ನಿಲ್ಲ ಅಂದರು ಡಾಕ್ಟರ್. ಏಜೆಂಟ್ ಟೀಮುಗಳಿಗೆಲ್ಲ ತಾನೇ ಫೋನ್ ಮಾಡಿ ಹೆಸರು ವಾಪಸ್ ತೆಗೆದುಕೊಂಡ. ಆ ಹಿರಿಯ ಸ್ಕೌಟ್ "ಛೇ" ಅಂದನಂತೆ, ಅಷ್ಟೇ. ಹುಡುಗ ನನ್ನ ಜೊತೆ ಮಾತು ಬಿಟ್ಟ. ಮೆಸೇಜ್ ಹಾಕಿದರೆ ಉತ್ತರವಿಲ್ಲ. ತಪ್ಪು ಅವನದಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ನನ್ನ ಮುಖ ಕೂಡ ನೋಡುತ್ತಿರಲಿಲ್ಲ.

ಡ್ರಾಫ್ಟ್‌ನ ಎರಡನೇ ದಿನ ಮಧ್ಯಾಹ್ನ, ಟಿವಿ ಬೇಡ ಬೇಡ ಅಂದುಕೊಂಡೇ ಹಾಕಿಕೊಂಡು ಕೂತಿದ್ದೆ. ಗಂಡ ರಜ ಹಾಕಿ ಪಕ್ಕದಲ್ಲಿ ಕೂತಿದ್ದರು. ಹೊರಗೆ ಬಿಸಿಲಿತ್ತು. ಆ ಇನ್ನೊಬ್ಬನ ಹೆಸರು ಕರೆದರು. ಅವನ ಮನೆಯವರೆಲ್ಲ ಎದ್ದು ಕುಣಿದರು, ಅವನ ತಾಯಿ ಅವನನ್ನು ತಬ್ಬಿಕೊಂಡರು. ಟಿವಿಯವರು ಅವನ ಓಟಗಳನ್ನು ಹಾಕಿ, "ಗ್ಯಾಪ್‌ಗೆ ನುಗ್ಗುವುದರಲ್ಲಿ ಇವನನ್ನು ಮೀರಿಸುವವರು ಈ ವರ್ಷ ಇಲ್ಲ," ಅಂದರು.

"ಆಫ್ ಮಾಡ್ಲಾ?" ಅಂದರು ಗಂಡ.

ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು. ಕೆಂಟ್‌ನ ಹುಡುಗನದು.

"ಮ್ಯಾಮ್, ನಿಜ ಹೇಳಿ. ನಾನು ಅವನಿಗಿಂತ ಫಾಸ್ಟ್ ಇದ್ದೆನಾ?"

ಲ್ಯಾಪ್‌ಟಾಪ್ ತೆಗೆದೆ. ಕಣ್ಣು ಮಂಜಾಗಿ ಫೋಲ್ಡರ್ ಹುಡುಕುವುದಕ್ಕೇ ಹೊತ್ತು ಹಿಡಿಯಿತು. ಜೋಡಿ ಓಟಗಳನ್ನೆಲ್ಲ ಒಟ್ಟಿಗೆ ಹಾಕಿದೆ, ಅವನು ಸೋತ ಆ ಒಂದನ್ನೂ ಸೇರಿಸಿ. ಎಡಕ್ಕೆ ಅವನು, ಬಲಕ್ಕೆ ಆ ಇನ್ನೊಬ್ಬ. ಕೆಳಗೆ ಬರೆದೆ: "ಹೌದು. ನೀನೇ ಫಾಸ್ಟ್. ನಾನು ಎಣಿಸಿದ್ದೇನೆ."

ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಟಿವಿಯಲ್ಲಿ ಇನ್ಯಾರದೋ ಹೆಸರು ಕರೆದರು, ಆಮೇಲೆ ಇನ್ನೊಬ್ಬನದು. ತಪ್ಪು ಮಾಡಿದೆನೇನೋ, ಗಾಯದ ಮೇಲೆ ಉಪ್ಪು ಸುರಿದೆನೇನೋ ಅಂತ ಒದ್ದಾಡಿದೆ. ಗಂಡ ಕಾಫಿ ತಂದಿಟ್ಟರು, ಅದು ಆರಿಹೋಯಿತು. ಕೊನೆಗೂ ಫೋನು ಮಿನುಗಿತು.

"ಅಮ್ಮ ಪಕ್ಕದಲ್ಲಿ ಕೂತಿದ್ದಾರೆ. ಇನ್ನೊಂದು ಸಲ ಹಾಕು ಅಂತಿದ್ದಾರೆ."